ಹಿಬರ್ಟ್ ಮೇಷ್ಟ್ರ ಹೊಲಕ್ಕೆ ಮುಯ್ಯಾಳು

ಐಸಿಲ್ಡಾ ಎರಡು ಸಲ ಫೇಲಾಗಿದ್ದಳು, ಎರಡೂ ಸಲ ಇಂಗ್ಲಿಷಿನಲ್ಲೇ. ಟ್ರೆಲಾನಿ ಬೆಟ್ಟದ ಸಣ್ಣ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷದಿಂದ ನೆಲ ಒರೆಸುತ್ತಿದ್ದ ಅವಳಿಗೆ, ಮನೆಮನೆಗೆ ಹೋಗಿ ರೋಗಿಗಳನ್ನು ವಿಚಾರಿಸುವ ಆರೋಗ್ಯ ಸಹಾಯಕಿಯ ಕೆಲಸದ ಮೇಲೆ ಆಸೆ. ಅದಕ್ಕೆ ಬರವಣಿಗೆಯ ಪರೀಕ್ಷೆ ಪಾಸಾಗಬೇಕು. ಮೂರನೆಯ ಸಲವೂ ತಪ್ಪಿದರೆ ಮತ್ತೆ ಕೂರಲು ಬಿಡುವುದಿಲ್ಲ. ನಲವತ್ತಾರು ವರ್ಷದವಳಿಗೆ ಇನ್ನು ಉಳಿದದ್ದು ಅದೊಂದೇ ಬಾಗಿಲು.

ಸಂಜೆ ಹೊತ್ತು ನಿವೃತ್ತ ಹಿಬರ್ಟ್ ಮೇಷ್ಟ್ರ ಜಗುಲಿಯಲ್ಲಿ ಪಾಠ. ವಿಭಕ್ತಿ ಎಂದರೆ ವಾಕ್ಯದಲ್ಲಿ ಒಂದು ಹೆಸರು ಮಾಡುವ ಕೆಲಸ, ಅಷ್ಟೇ ಎಂದು ಮೇಷ್ಟ್ರು ಬಿಡಿಸಿ ಹೇಳಿದ್ದರು. ಹೆಸರು ಕೆಲಸ ಮಾಡಬಹುದು, ಕೆಲಸಕ್ಕೆ ಗುರಿಯಾಗಬಹುದು, ಇಲ್ಲವೇ ಯಾವುದಾದರೊಂದರ ಒಡೆತನ ಹೇಳಬಹುದು. ಇಂಗ್ಲಿಷಿನಲ್ಲಿ ಒಡೆಯನ ಹೆಸರಿಗೆ ಮಾತ್ರ ಎಸ್ ಅಕ್ಷರದ ಪುಟ್ಟದೊಂದು ಬಾಲ ಅಂಟುತ್ತದೆ. ಮಿಕ್ಕ ಎರಡನ್ನು ಹೆಸರು ನಿಂತ ಜಾಗದಿಂದಲೇ ತಿಳಿಯಬೇಕು. ಬೆಟ್ಟದ ಮಾತಿನಲ್ಲಾದರೋ ಆ ಬಾಲವೂ ಇಲ್ಲ. ನೆರೆಯ ರೈತ ಲಿನ್ವಲ್‌ನ ಹೊಲವನ್ನು ಬರೀ ಲಿನ್ವಲ್ ಹೊಲ ಎಂದರೂ ಎಲ್ಲರಿಗೂ ತಿಳಿಯುತ್ತದೆ. ಐಸಿಲ್ಡಾ ತಲೆಯಾಡಿಸುವಳು, ಪೆನ್ನು ಹಿಡಿದೊಡನೆ ಹೆಸರುಗಳೆಲ್ಲ ಕಲಸಿಹೋಗುವವು. ಹೋದ ಸಲದ ಪರೀಕ್ಷೆಯಲ್ಲಿ ಅವಳು ಬರೆದ ವಾಕ್ಯದಲ್ಲಿ ಕೂಸೇ ತಾಯಿಗೆ ಮದ್ದು ಕುಡಿಸಿತ್ತು.

"ಇದನ್ನ ನಂಬಿದ್ರೆ ನರ್ಸಮ್ಮ ತಾಯಿನ ತೊಟ್ಟಿಲಲ್ಲಿ ಮಲಗಿಸ್ಬೇಕಾಗುತ್ತೆ" ಎಂದು ಮೇಷ್ಟ್ರು ಗದರಿದ್ದರು.

ಅವಳನ್ನು ಚುಚ್ಚುತ್ತಿದ್ದುದು ಬೈಗುಳವಲ್ಲ. ಮೇಷ್ಟ್ರು ಪಾಠಕ್ಕೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆ ಬೆಟ್ಟದಲ್ಲಿ ಗೆಣಸಿನ ಗುಡ್ಡೆ ಅಗೆಯಲು ಯಾರೂ ಕೂಲಿಯವರನ್ನು ಕರೆಯುವುದಿಲ್ಲ. ಇವತ್ತು ಎಲ್ಲರೂ ನನ್ನ ಹೊಲದಲ್ಲಿ, ನಾಳೆ ನಾನು ನಿಮ್ಮ ಹೊಲದಲ್ಲಿ, ಅದೇ ಮುಯ್ಯಾಳು. ಒಂದು ದಿನ ಪಡೆದು ಹಿಂತಿರುಗಿಸದವರು ಮುಖ ಎತ್ತಿ ತಿರುಗುವಂತಿಲ್ಲ. ಅವಳು ಆಗಲೇ ಹನ್ನೊಂದು ಸಂಜೆ ಪಡೆದಿದ್ದಳು. ಇತ್ತ ಮೇಷ್ಟ್ರ ಸೊಂಟ ಹಿಡಿದುಕೊಂಡು ಅವರ ಹೊಲ ಹಾಗೇ ಬಿದ್ದಿತ್ತು. ಓದಿದವರನ್ನು ಮುಯ್ಯಾಳಿಗೆ ಕರೆದರೆ ಅವಮಾನ ಎಂದು ಊರವರು ಮೂವತ್ತು ವರ್ಷ ಅವರನ್ನು ಕರೆದಿರಲಿಲ್ಲ. ಅಗೆಯಲು ಬಾರದವನೆಂದು ತನ್ನನ್ನು ಬಿಟ್ಟಿದ್ದಾರೆಂದು ಅವರು ಅಷ್ಟೇ ಕಾಲ ನೊಂದಿದ್ದರು.

ಪರೀಕ್ಷೆಗೆ ಐದು ದಿನವಿರುವಾಗ, ಶನಿವಾರ ಬೆಳಗ್ಗೆ, ಐಸಿಲ್ಡಾ ಒಂಬತ್ತು ಜನರನ್ನು ಗುದ್ದಲಿ ಸಮೇತ ಕರೆತಂದಳು. ಮೇಷ್ಟ್ರ ಮುಖ ಬಿಗಿಯಿತು.

"ನಾನ್ಯಾರ ಹತ್ರಾನೂ ಧರ್ಮ ಕೇಳಿಲ್ಲ, ಐಸಿಲ್ಡಾ."

"ಧರ್ಮ ಅಲ್ಲ ಮೇಷ್ಟ್ರೇ, ಮುಯ್ಯಿ. ಹನ್ನೊಂದು ದಿನ ನನ್ನ ತಲೆ ಅಗೆದಿದ್ದೀರಿ. ತೀರಿಸ್ದೆ ಹೋದ್ರೆ ಪರೀಕ್ಷೆಲಿ ನನ್ನ ಕೈ ಓಡಲ್ಲ."

ಪಕ್ಕದ ಹೊಲದ ಲಿನ್ವಲ್ ಟೋಪಿ ಸರಿಸಿ, ಬೇಡ ಅಂದರೆ ವಾಪಸು ಹೋಗುತ್ತೇವೆ, ಆದರೆ ಇವಳು ತಂದ ಬಾಳೆಕಾಯಿ, ಉಪ್ಪುಮೀನಿನ ಹಂಡೆಯನ್ನು ಮೇಷ್ಟ್ರೊಬ್ಬರೇ ಖಾಲಿ ಮಾಡಬೇಕು ಎಂದ. ಮೇಷ್ಟ್ರು ಬೇರೆ ದಾರಿ ಕಾಣದೆ ಜಗುಲಿಯಲ್ಲಿ ಕೂತರು.

ಬೆಳಗಿನಿಂದ ಮಧ್ಯಾಹ್ನದವರೆಗೆ ಹೊಲ ನಡೆಸಿದವಳು ಐಸಿಲ್ಡಾ. ಯಾರು ಅಗೆಯಬೇಕು, ಯಾರಿಗೆ ಬಳ್ಳಿ ಹಬ್ಬಿಸುವ ಕೋಲು ಕೊಡಬೇಕು, ಯಾರ ಗುದ್ದಲಿ ಯಾರ ಕೈಗೆ ಹೋಯಿತು, ಒಂದೂ ತಪ್ಪಲಿಲ್ಲ. ಊಟದ ಹೊತ್ತಿಗೆ ಮೇಷ್ಟ್ರು ಅವಳನ್ನು ಕರೆದು, ಹೋದ ಶನಿವಾರ ಲಿನ್ವಲ್ ಎಲ್ಲಿದ್ದ ಎಂದು ಕೇಳಿದರು. ಅವನದೇ ಹೊಲದಲ್ಲಿ, ಕೈಕಟ್ಟಿ ಯಜಮಾನಿಕೆ ಮಾಡುತ್ತಿದ್ದ ಎಂದಳು. ಇವತ್ತು? ಅಗೆಯುತ್ತಿದ್ದಾನೆ. ಕಾಲು ಉಳುಕಿದರೆ? ನಾವೇ ಅವನನ್ನು ಹೊತ್ತು ಒಯ್ಯಬೇಕು.

"ಅಷ್ಟರಲ್ಲಿ ಮನುಷ್ಯ ಬದಲಾದ್ನಾ?"

"ಎಲ್ಲಿ ಬದಲಾಗ್ತಾನೆ, ಅದೇ ಹರಕು ಟೋಪಿ" ಎಂದವಳು ಸೌಟನ್ನು ಹಂಡೆಗೆ ಬಿಟ್ಟು ಹೊಲದ ಕಡೆ ತಿರುಗಿದಳು. ಮೆಲ್ಲಗೆ ಹೇಳಿದಳು: "ಹೆಸರನ್ನ ನೋಡಿ ಹೆದರ್ತಿದ್ದೆ ಮೇಷ್ಟ್ರೇ. ಅದು ಹೊಲದಲ್ಲಿ ಎಲ್ಲಿ ನಿಂತಿದೆ ಅಂತ ನೋಡ್ಲೇ ಇಲ್ಲ."

"ನಾನೂ ಅಷ್ಟೇ. ಪುಸ್ತಕ ತೋರಿಸ್ದೆ, ನಿನ್ನ ಹೊಲ ನೋಡ್ಲಿಲ್ಲ" ಎಂದರು ಮೇಷ್ಟ್ರು.

ಪರೀಕ್ಷೆಯಲ್ಲಿ ಒಬ್ಬ ಮುದುಕ, ಅವನ ಸೊಸೆ, ನೆರೆಯವನ ನಾಯಿ ಬಂದಿದ್ದರು. ಯಾರು ಯಾರನ್ನು ಕಚ್ಚಿದ್ದು, ಯಾರ ಗಾಯವನ್ನು ಯಾರು ತೊಳೆದದ್ದು, ವರದಿ ಬರೆಯಬೇಕು. ಐಸಿಲ್ಡಾ ತಕ್ಷಣ ಪೆನ್ನು ಎತ್ತಲಿಲ್ಲ. ಮೂವರನ್ನೂ ಮನಸ್ಸಿನಲ್ಲೇ ಹೊಲಕ್ಕಿಳಿಸಿ, ಒಬ್ಬೊಬ್ಬರನ್ನು ಅವರವರ ಜಾಗದಲ್ಲಿ ನಿಲ್ಲಿಸಿದಳು. ಆಮೇಲೆ ಬರೆದಳು. ಒಡೆಯನ ಹೆಸರು ಬಂದಲ್ಲಿ ಮರೆಯದೆ ಬಾಲ ಹಚ್ಚಿದಳು.

ಏಳು ವಾರದ ಮೇಲೆ ಕಾಗದ ಬಂತು. ಪಾಸಾಗಿದ್ದಳು, ಬೇಕಾದ್ದಕ್ಕಿಂತ ಬರೀ ನಾಲ್ಕು ಅಂಕ ಹೆಚ್ಚಿಗೆ; ಸಾಕಾಗಿತ್ತು.

ಹೊಸ ಕೆಲಸದ ಮೊದಲ ದಿನವೇ ಗುಡ್ಡದಾಚೆಯ ಮನೆಯೊಂದರಲ್ಲಿ ಬಾಣಂತಿಗೂ ಕೂಸಿಗೂ ಒಟ್ಟಿಗೆ ಜ್ವರ. ಐಸಿಲ್ಡಾ ಇಬ್ಬರನ್ನೂ ವಿಚಾರಿಸಿ, ಚೀಟಿ ಬರೆದು ತಂದು ನರ್ಸ್ ಮುಂದಿಟ್ಟಳು. ನರ್ಸ್ ಒಮ್ಮೆ ಓದಿದಳು, ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ಮದ್ದಿನ ಬೀರು ತೆರೆದಳು.