ಗೇಜು ಪೆಟ್ಟಿಗೆಯ ನೋಟುಗಳು

ಭಾನುವಾರ ಊಟ ಮುಗಿದು, ಜಯಸಿಂಹ ಕೈ ತೊಳೆದು, ಬೆರಳ ಸಂದಿಗಳನ್ನೆಲ್ಲ ಒಣ ಟವಲಿನಿಂದ ಒತ್ತಿ ಒರೆಸಿಕೊಂಡು ಜಗುಲಿಯ ಚಾಪೆಯ ಮೇಲೆ ಕೂತರೆಂದರೆ, ಮನೆ ಮಾಲೀಕ ಹನುಮಂತರಾಯಪ್ಪ ಹಿಂದಿನ ಮನೆಯಿಂದ ಬಂದೇ ಬರುತ್ತಿದ್ದರು. ಎಲೆ ಅಡಿಕೆ ಅಗಿಯುತ್ತ ಮೆಟ್ಟಿಲ ಮೇಲೆ ಕೂತು ಅವರು ಕೇಳುತ್ತಿದ್ದುದೂ ಅದೇ ಮಾತು.

"ಏನ್ ಸಾರ್, ಇವತ್ತು ಯಾವ ದೇಸಕ್ಕೋಗ್ತೀರಾ?"

"ಟಿಕೆಟ್ ನೀವೇ ಕೊಡಿ, ಹೋಗ್ತೀನಿ."

ಹನುಮಂತರಾಯಪ್ಪ ಪೆಟ್ಟಿಗೆಯಿಂದ ಕೈಗೆ ಸಿಕ್ಕ ನೋಟೊಂದನ್ನು ತೆಗೆದು ಅವರ ಅಂಗೈಯಲ್ಲಿಡುವರು. ಪೆಟ್ಟಿಗೆ ಕಾರ್ಖಾನೆಯದು. ಅಳತೆ ನೋಡುವ ಉಕ್ಕಿನ ಬಿಲ್ಲೆಗಳನ್ನಿಡಲು ಮಾಡಿದ ಮರದ ಗೇಜು ಪೆಟ್ಟಿಗೆ. ಒಳಗೆ ಹಸಿರು ಉಣ್ಣೆಬಟ್ಟೆಯ ಖಾನೆಗಳು. ಹಳೆಯದಾಯಿತೆಂದು ಕಾರ್ಖಾನೆಯವರು ಎಸೆಯಹೊರಟಾಗ, ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದ ಜಯಸಿಂಹ ಅದನ್ನು ಕೇಳಿ ಇಸಿದುಕೊಂಡಿದ್ದರು. ಈಗ ಅದರ ತುಂಬ ದೇಶ ದೇಶದ ನೋಟು. ಯಂತ್ರ ಕೂರಿಸಲು ಬಂದ ಪರದೇಶದ ಎಂಜಿನಿಯರುಗಳನ್ನು ಕೇಳಿ ಪಡೆದದ್ದು ಕೆಲವು, ಯಂತ್ರ ಕೂರಿಸಲು ಪರದೇಶಕ್ಕೆ ಹೋದ ನಮ್ಮವರು ತಂದುಕೊಟ್ಟದ್ದು ಕೆಲವು.

ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣನ್ನು ತಿಂದು ನಾಲ್ಕು ವರ್ಷವಾಗಿತ್ತು. ನೋಟುಗಳನ್ನು ಅವರು ಈಗ ನೋಡುತ್ತಿದ್ದುದು ಹೆಬ್ಬೆರಳಲ್ಲಿ.

"ಹಂಗೇರಿ. ನಡು ಮಡಿಕೆ ಎಷ್ಟು ಬಲಿತಿದೆ ನೋಡಿ. ಲಾಸ್ಲೋ ಅಂತ ಒಬ್ಬ, ಇದನ್ನ ವಾಚಿನ ಪಟ್ಟಿ ಅಡೀಲಿ ಇಟ್ಕೊಂಡಿದ್ದ." ಇನ್ನೊಂದನ್ನು ಮೂಗಿನ ಹತ್ತಿರ ಹಿಡಿದು, "ಟಾಂಜಾನಿಯಾ. ನಮ್ಮ ಗೋಪಾಲಪ್ಪ ತಂದದ್ದು. ಗ್ರೀಸ್ ಕೈಯಲ್ಲೇ ಹಿಡ್ದಿದ್ದಾನೆ ಬಡ್ಡೀಮಗ."

ಒಮ್ಮೆ ಹನುಮಂತರಾಯಪ್ಪ ತಮ್ಮ ಜೇಬಿನಿಂದ ಬಸ್ ಟಿಕೇಟು ತೆಗೆದು ನಡುವೆ ಸೇರಿಸಿಬಿಟ್ಟರು. ಜಯಸಿಂಹ ಅದನ್ನು ಒಂದು ಸಲ ಸವರಿ, "ಇದು ನಿಮ್ಮ ದೇಶದ್ದು ಕಣ್ರೀ. ಬಿ.ಟಿ.ಎಸ್.," ಎಂದಾಗ ಇಬ್ಬರೂ ರಾಜಗೋಪಾಲನಗರದ ಆ ಬೀದಿಯೆಲ್ಲ ಕೇಳುವ ಹಾಗೆ ನಕ್ಕಿದ್ದರು.

ಒಂದು ನೋಟನ್ನು ಮಾತ್ರ ಜಯಸಿಂಹ ಆಟಕ್ಕೆ ಸೇರಿಸುತ್ತಿರಲಿಲ್ಲ. ಅದು ಹಾಲೆಂಡಿನದು. ಹೊಚ್ಚ ಹೊಸದು, ಮೂಲೆಯಲ್ಲಿ ಉಬ್ಬಿದ ಚುಕ್ಕೆಗಳು. ಕಣ್ಣಿಲ್ಲದವರಿಗೆಂದೇ ಆ ಸರ್ಕಾರ ಅಚ್ಚು ಹಾಕಿಸಿದ ಗುರುತು. "ಇದ್ರಲ್ಲಿ ನಂದೇನಿದೆ? ಪಕ್ಕದವನ ಪೇಪರ್ ನೋಡಿ ಬರೆದ ಹಾಗೆ," ಎಂದು ಪಕ್ಕಕ್ಕಿಡುವರು.

ಕೊನೆಗೆ ತೆಗೆಯುತ್ತಿದ್ದುದು ಚೆಕೊಸ್ಲೊವಾಕಿಯಾದ ಒಂದು ಜೋಡಿ. ಎರಡೂ ಒಂದೇ ಥರದ ಹತ್ತರ ನೋಟು. ಒಂದು ಕ್ಯಾಂಟೀನಿನಲ್ಲಿ ಯಾರದೋ ಕೈಯಿಂದ ಬಂದದ್ದು. ಇನ್ನೊಂದು ಯಾರೊಸ್ಲಾವ್‌ನದು. ಮಗಳು ವತ್ಸಲಾ ಹುಟ್ಟಿದ ಹನ್ನೊಂದನೆಯ ದಿನ ಆ ಎಂಜಿನಿಯರು ಮನೆಗೆ ಊಟಕ್ಕೆ ಬಂದು, ಬರಿಗೈಲಿ ಬಂದೆನಲ್ಲ ಎಂದು ನಾಚಿ, ಆ ನೋಟನ್ನು ಬೀಡಿಯಂತೆ ಸುತ್ತಿ ಕೂಸಿನ ಮುಷ್ಟಿಯಲ್ಲಿಟ್ಟಿದ್ದನಂತೆ. ಅಂದಿನಿಂದ ಅದು ಎಷ್ಟು ಬಿಡಿಸಿದರೂ ಮತ್ತೆ ಸುರುಳಿಯಾಗುತ್ತಿತ್ತು. ಜಯಸಿಂಹ ಅದನ್ನು ಅಂಗೈಯಲ್ಲಿಟ್ಟುಕೊಂಡು ತಾನೇ ಸುತ್ತಿಕೊಳ್ಳುವವರೆಗೆ ಕಾಯುವರು. "ಇಷ್ಟೇ ಇತ್ತು ಇವಳ ಮುಷ್ಟಿ." ಬಾಗಿಲಲ್ಲಿ ನಿಂತ ವತ್ಸಲಾ ಒಳಗೆ ಹೋಗಿಬಿಡುತ್ತಿದ್ದಳು.

ಅವಳ ಸ್ವಭಾವವೇ ಹಾಗೆ. ಬಿ.ಎಸ್ಸಿ. ಮುಗಿಸಿದ್ದರೂ ಪೋಸ್ಟ್‌ಮ್ಯಾನ್ ಬಂದರೆ ಅಮ್ಮನನ್ನು ಮುಂದೆ ಬಿಡುವ ಹುಡುಗಿ. ಹೇಳಬೇಕಾದ ಮಾತು ಅವಳಿಗೆ ಗಂಟಲಿಗೆ ಬರುವಷ್ಟರಲ್ಲಿ ಕೇಳುವವರು ಎದ್ದುಹೋಗಿರುತ್ತಿದ್ದರು.

ಆ ವರ್ಷ, ಎಂಬತ್ತನಾಲ್ಕರಲ್ಲಿ, ನಗರದ ನೋಟು ಸಂಗ್ರಹಕಾರರ ಬಳಗ ಒಂದು ಪ್ರದರ್ಶನ ಇಡುವುದೆಂದಾಯಿತು. ಜಯಸಿಂಹರಿಗೂ ನೋಟು ಜೋಡಿಸಿಡಲು ಒಂದು ಬೋರ್ಡು ಕೊಡಬಹುದೆಂದು ಸುದ್ದಿ ಬಂತು. ಬಳಗದ ಕಾರ್ಯದರ್ಶಿ ಉಪೇಂದ್ರ, ಪೀಣ್ಯದ ಕಂಪನಿಯೊಂದರ ಎಂಜಿನಿಯರು, ಸ್ಕೂಟರಿನಲ್ಲಿ ನೋಡಲು ಬಂದ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ಜಯಸಿಂಹರ ಎದುರು, "ಬಹಳ ಶ್ರಮ ಪಟ್ಟಿದ್ದೀರಿ ಸಾರ್," ಎಂದನೇ ಹೊರತು ಬೇರೇನೂ ಹೇಳಲಿಲ್ಲ. ಜಯಸಿಂಹ ಆಗಲೇ ಯಾವ ಅಂಗಿ ಹಾಕಿಕೊಳ್ಳುವುದೆಂದು ಯೋಚಿಸುತ್ತಿದ್ದರು. "ಬೋರ್ಡಿನ ಮೇಲೆ ಹೆಸರು ಕನ್ನಡದಲ್ಲೇ ಬರೆಸಿ. ನಮ್ಮ ಫ್ಯಾಕ್ಟರಿಯವರೂ ಬರ್ತಾರೆ."

ಗೇಟಿನ ಹತ್ತಿರ ಉಪೇಂದ್ರ ವತ್ಸಲಾಳಿಗೆ ದನಿ ತಗ್ಗಿಸಿ ಹೇಳಿದ.

"ಮೇಡಂ, ತಪ್ಪು ತಿಳೀಬೇಡಿ. ಕಾಲ ಬದಲಾಗ್ತಿದೆ. ಮೊದ್ಲು ಯಾವ ದೇಶದ್ದಿದೆ ಅಂತ ಕೇಳ್ತಿದ್ರು. ಈಗ ಹೊರಗಡೆಯಿಂದ ಕ್ಯಾಟಲಾಗ್ ಬರತ್ತೆ. ಅದ್ರಲ್ಲಿ ಕಂಡೀಷನ್ನೇ ಎಲ್ಲಾ. ಒಂದು ಮಡಿಕೆ ಬಿದ್ರೆ ಕೆಳಗಿನ ದರ್ಜೆ. ಇನ್ಮೇಲೆ ಯಾರೂ ಫಾರಿನರ್ ಹತ್ರ ಹಲ್ಲುಗಿಂಜಿ ಇಸ್ಕೊಳಲ್ಲ, ಬ್ಯಾಂಕಿಂದ ಬಂದ ಕಟ್ಟೇ ಪೋಸ್ಟಲ್ಲಿ ಬರತ್ತೆ. ಯಾರ ಕೈಯೂ ತಾಗಿರಲ್ಲ. ಒಂದೆರಡು ಕಡೆ ಪ್ಲಾಸ್ಟಿಕ್ ನೋಟೂ ಮಾಡಿದ್ದಾರೆ, ಕೊಳೇನೇ ಹಿಡಿಯಲ್ವಂತೆ."

"ಅಪ್ಪನ ಬೋರ್ಡು..."

"ಆ ಹಾಲೆಂಡ್ ನೋಟು ಸಕ್ಕತ್ತಾಗಿದೆ. ಮುಂದೆ ಬರೋದೆಲ್ಲ ಅಂಥವೇ. ಉಳಿದವೂ ಒಂದಿಷ್ಟು ಚೊಕ್ಕಟವಾಗಿದ್ದಿದ್ರೆ ಕಮಿಟಿಗೆ ಹೇಳ್ತಿದ್ದೆ. ನೋಡೋಣ, ಮುಂದಿನ ವಾರ ಬರ್ತೀನಿ."

ಸ್ಕೂಟರು ತಿರುವು ದಾಟಿದ ಮೇಲೂ ವತ್ಸಲಾ ಗೇಟು ಹಿಡಿದು ನಿಂತಿದ್ದಳು. ಅವಳ ಕಿವಿಯಲ್ಲಿ ಉಳಿದದ್ದು ಚೊಕ್ಕಟ ಎಂಬ ಒಂದೇ ಮಾತು. ಅಪ್ಪನಿಗೆ ಹೋಗಿ ಹೇಳಬಹುದಿತ್ತು. ಹೇಳುವುದಾದರೂ ಏನನ್ನು? ಅಂಗಿಗೆ ಇಸ್ತ್ರಿ ಮಾಡಿಸಿಡು ಎಂದು ಅವರು ಒಳಗಿನಿಂದ ಕೂಗುತ್ತಿದ್ದರು.

ಆ ಶುಕ್ರವಾರ ಹನುಮಂತರಾಯಪ್ಪನವರ ತಂಗಿಯ ಮಗಳ ಮದುವೆ, ದೊಡ್ಡನೆಕ್ಕುಂದಿಯಲ್ಲಿ. "ಸಾರ್ನೂ ಕರ್ಕೊಂಡೋಗ್ತೀನಮ್ಮ, ಊಟ ಮಾಡ್ಸಿ ಉಸಾರಾಗಿ ಕರ್ಕೊಂಬತ್ತೀನಿ," ಎಂದು ಕೈ ಹಿಡಿದು ಬಸ್ಸಿಗೆ ಹತ್ತಿಸಿಕೊಂಡು ಹೋದರು. ಮನೆಯಲ್ಲಿ ತಾಯಿ ಮಗಳಿಬ್ಬರೇ.

ವತ್ಸಲಾ ಅಮ್ಮನಿಗೆ ಎಲ್ಲ ಹೇಳಿದಳು. ತಾಯಿ ಸೀತಾಲಕ್ಷ್ಮಿ ಹೆಚ್ಚು ಹೊತ್ತು ಯೋಚಿಸಲಿಲ್ಲ.

"ಅಂಟುವಾಳದ ನೀರಲ್ಲಿ ಹಾಕೋಣ. ನನ್ನ ಧಾರೆ ಸೀರೆ ಇಷ್ಟು ವರ್ಷ ಅದ್ರಲ್ಲೇ ತೊಳ್ದಿದ್ದೀನಿ, ಒಂದು ಎಳೆ ಬಣ್ಣ ಬಿಟ್ಟಿಲ್ಲ. ಕಾಗದ ಬಿಡತ್ತಾ?"

"ಅಪ್ಪನ್ನ ಒಂದು ಮಾತು ಕೇಳಿ..."

"ಕೇಳಿದ್ರೆ ಬೇಡ ಅಂತಾರೆ. ಅಷ್ಟು ಆಸೆ ಇಟ್ಕೊಂಡು ಕೂತಿದ್ದಾರೆ. ಕಣ್ಣಿಗೆ ಕಾಣೋ ಕೊಳೆ ತಾನೇ? ಹೋದ್ರೆ ಅವ್ರಿಗೇನು ಗೊತ್ತಾಗತ್ತೆ ಹೇಳು."

ಅದು ವತ್ಸಲಾಳಿಗೂ ಸರಿಯೆನಿಸಿತು. ಅಗಲ ಬೋಗುಣಿಯಲ್ಲಿ ಅಂಟುವಾಳ ಕಿವುಚಿ ನೊರೆ ಎಬ್ಬಿಸಿ ಒಂದೊಂದೇ ನೋಟನ್ನು ಇಳಿಬಿಟ್ಟರು. ನೀರು ಕಾಫಿ ಬಣ್ಣಕ್ಕೆ ತಿರುಗಿತು. ಟಾಂಜಾನಿಯಾದ ಗ್ರೀಸ್ ಕಲೆಯನ್ನು ಅವಳೇ ಹತ್ತಿಯಿಂದ ಉಜ್ಜಿ ತೆಗೆದಳು. ಎತ್ತಿದಾಗ ಸೊರಗಿದ ಎಲೆಯ ಹಾಗಿದ್ದವೆಂದು ಅಮ್ಮ ತೆಳ್ಳಗೆ ಗಂಜಿ ಕಾಸಿ ಸವರಿದಳು. ಹಳೇ ಪಂಚೆಯ ಮೇಲೆ ಹರಡಿ, ಇನ್ನೂ ಹಸಿ ಇರುವಾಗಲೇ ಮೇಲೊಂದು ಪಂಚೆ ಹಾಕಿ ಇಸ್ತ್ರಿ ಎಳೆದರು. ಚೆಕೊಸ್ಲೊವಾಕಿಯಾದ ಜೋಡಿಯಲ್ಲೊಂದು ಮಾತ್ರ ಪಂಚೆ ತೆಗೆದ ಕೂಡಲೇ ಅಂಚೆತ್ತಿ ಸುತ್ತಿಕೊಂಡಿತು. ವತ್ಸಲಾ ಅದರ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ಇಟ್ಟೇ ಬಿಟ್ಟಳು. ಮತ್ತೆ ಎದ್ದೇಳಲಿಲ್ಲ. ಹಾಲೆಂಡಿನದು ಚೊಕ್ಕಟವಾಗೇ ಇತ್ತು, ಅದನ್ನು ಮುಟ್ಟಲಿಲ್ಲ.

ಸಾಲಾಗಿಟ್ಟಾಗ ಎಲ್ಲವೂ ಈಗತಾನೇ ಬ್ಯಾಂಕಿನಿಂದ ಬಂದಂತಿದ್ದವು. ಅವಳಿಗೆ ಹೆಮ್ಮೆಯಾಯಿತು. ಬಾಯಿಬಿಟ್ಟು ಹೇಳಲಾಗದ್ದನ್ನು ಕೈಯಲ್ಲಾದರೂ ಮಾಡಿದೆನಲ್ಲ ಎಂದುಕೊಂಡಳು.

ಭಾನುವಾರ ಜಯಸಿಂಹ ಎಂದಿನಂತೆ ಬೆರಳು ಒರೆಸಿಕೊಂಡು ಕೂತರು. ಹನುಮಂತರಾಯಪ್ಪ ಒಂದು ನೋಟು ಕೊಟ್ಟರು. ಹೆಬ್ಬೆರಳು ಒಮ್ಮೆ ಓಡಿತು, ಹಿಂದಕ್ಕೆ ಬಂತು, ಮತ್ತೆ ಓಡಿತು.

"ಬಿಳಿ ಹಾಳೆ ಕತ್ತರಿಸಿ ತಂದ್ರೇನ್ರೀ?"

"ಇಲ್ಲ ಸಾರ್, ದೇವ್ರಾಣೆ. ಪೆಟ್ಗೇದೇ."

ಇನ್ನೊಂದು ಕೊಟ್ಟರು. ಜಯಸಿಂಹ ಮೂಸಿದರು. ಕೆನ್ನೆಗೆ ತಾಗಿಸಿದರು. ಮೂರನೆಯದನ್ನು ತಾವೇ ತೆಗೆದರು, ನಾಲ್ಕನೆಯದನ್ನೂ. ಯಾವುದಕ್ಕೂ ಹೆಸರು ಬರಲಿಲ್ಲ. ಆಮೇಲೆ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ನೋಡಿಕೊಂಡರು. ಚಾಪೆಯ ಕಡ್ಡಿಯೊಂದನ್ನು ಮುರಿದು ಬೆರಳ ತುದಿಗೆ ಚುಚ್ಚಿಕೊಂಡರು.

"ಡಾಕ್ಟ್ರು ಹೇಳಿದ್ರು," ಎಂದರು, ನೆರೆಮನೆಯ ಸಂಗತಿಯಂತೆ. "ಕಣ್ಣಾದ್ಮೇಲೆ ಕೈಕಾಲು ಜೋಮು ಹಿಡೀಬಹುದು ಅಂತ. ಶುರುವಾಯ್ತು."

"ಸುಮ್ಕಿರಿ ಸಾರ್. ಮದ್ವೆ ಮನೇಲಿ ಬಿಸ್ಲಲ್ಲಿ ಕೂತಿದ್ರಿ, ಅದ್ಕೇ ಇಂಗಾಗೈತೆ."

"ಇಲ್ಲ ಹನುಮಂತರಾಯಪ್ಪನವರೇ. ಇದೊಂದಿತ್ತು, ಇದೂ ಹೋಯ್ತು. ಮುಚ್ಚಿಡಿ ಪೆಟ್ಟಿಗೆ."

ಬಾಗಿಲ ಸಂದಿಯಿಂದ ಅಮ್ಮ ವತ್ಸಲಾಳಿಗೆ ಕಣ್ಸನ್ನೆ ಮಾಡಿದಳು. ಈಗ ಬೇಡ, ಆಮೇಲೆ ಏನಾದರೂ ಹೇಳೋಣ. ಆ ಆಮೇಲೆ ಎಂಬುದು ಎಂಥದ್ದೆಂದು ವತ್ಸಲಾಳಷ್ಟು ಬಲ್ಲವರು ಯಾರೂ ಇರಲಿಲ್ಲ. ಅಪ್ಪ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು, ಇನ್ನು ಅವು ಬೇಕಾಗಿಲ್ಲ ಎನ್ನುವ ಹಾಗೆ.

ಅವಳು ಬಂದು ಚಾಪೆಯ ಅಂಚಿನಲ್ಲಿ ಕೂತಳು. ಪೆಟ್ಟಿಗೆಯಿಂದ ಒಂದು ನೋಟು ತೆಗೆದು ಅವರ ಕೈಗಿಟ್ಟಳು.

"ಇದು ಯಾವ್ದು ಹೇಳಿ ಅಪ್ಪ."

"ಬೇಡ ಮಗಳೇ."

"ಒಂದು ಸಲ. ಮೂಲೆ ನೋಡಿ."

ಹೆಬ್ಬೆರಳು ಒಲ್ಲದ ಮನಸ್ಸಿನಿಂದ ಮೂಲೆಗೆ ಹೋಗಿ ಅಲ್ಲೇ ನಿಂತಿತು.

"ಹಾಲೆಂಡು."

"ಬೆರಳಿಗೇನೂ ಆಗಿಲ್ಲ ಅಪ್ಪ." ಅವಳ ದನಿ ಅವಳಿಗೇ ಜೋರೆನಿಸಿತು. "ಉಳಿದ ನೋಟೆಲ್ಲ ನಾನು ತೊಳೆದುಬಿಟ್ಟೆ. ಚೊಕ್ಕಟವಾಗಿದ್ರೆ ಬೋರ್ಡು ಕೊಡ್ತಾರೆ ಅಂತ. ಮಡಿಕೆ, ಕಲೆ ಎಲ್ಲಾ ಹೋಯ್ತು. ನಿಮ್ಮನ್ನ ಕೇಳ್ಲಿಲ್ಲ."

ಹನುಮಂತರಾಯಪ್ಪ ಅಗಿಯುವುದನ್ನು ನಿಲ್ಲಿಸಿದರು. ಜಯಸಿಂಹ ತೊಳೆದ ನೋಟೊಂದನ್ನು ಮತ್ತೆ ಎತ್ತಿ ಮೂಸಿದರು. ಆಮೇಲೆ ಕೇಳಿದ್ದು ಇಷ್ಟೇ.

"ಅಂಟುವಾಳಾನಾ?"

"ಹೂಂ."

"ಗಂಜಿ?"

"ಸ್ವಲ್ಪ."

"ಅದಕ್ಕೇ. ಎಲ್ಲಾ ಒಂದೇ ಮನೆ ಹಪ್ಪಳದ ಥರ ಇವೆ." ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಅವರು ಕೈ ಚಾಚಿದರು. "ಯಾರೊಸ್ಲಾವ್‌ದು ಕೊಡು."

ವತ್ಸಲಾ ಚೆಕೊಸ್ಲೊವಾಕಿಯಾದ ಎರಡೂ ನೋಟುಗಳನ್ನು ತೆಗೆದಳು. ತಿರುಗಿಸಿ ನೋಡಿದಳು. ಒಂದೇ ಚಿತ್ರ, ಒಂದೇ ಬಣ್ಣ, ಎರಡೂ ನೇರ. ಮುಷ್ಟಿಯಲ್ಲಿದ್ದದ್ದು ಯಾವುದು? ಅಂದು ಅಂಚೆತ್ತಿದ್ದನ್ನು ಅವಳೇ ಕೈಯಾರೆ ಒತ್ತಿ ಇಟ್ಟಿದ್ದಳು. ಒತ್ತಿದ ಮೇಲೆ ಯಾವುದರ ಮೇಲೆ ಯಾವುದನ್ನು ಪೇರಿಸಿದಳೋ ನೆನಪಿಲ್ಲ.

"ಗೊತ್ತಾಗ್ತಿಲ್ಲ ಅಪ್ಪ."

ಅವರು ಎರಡನ್ನೂ ಇಸಿದುಕೊಂಡು ಒಂದೊಂದು ಅಂಗೈಯಲ್ಲಿ ಒಂದೊಂದನ್ನು ಇಟ್ಟುಕೊಂಡು ಕಾದರು. ಬೀದಿಯಲ್ಲಿ ಒಂದು ಸೈಕಲ್ ಹೋಯಿತು. ಯಾವುದೂ ಸುತ್ತಿಕೊಳ್ಳಲಿಲ್ಲ.

ಮರುವಾರ ಉಪೇಂದ್ರ ಬಂದಾಗ ವತ್ಸಲಾ ಒಬ್ಬಳೇ ಗೇಟಿಗೆ ಹೋದಳು. ಅವಳು ತೋರಿಸಿದ ತೊಳೆದ ನೋಟೊಂದನ್ನು ಅವನು ಓರೆಯಾಗಿ ಹಿಡಿದ ಕೂಡಲೇ ಮುಖ ಕಿವುಚಿದ. "ಅಯ್ಯೋ, ತೊಳೆದ್ಬಿಟ್ರಾ? ತೊಳೆದಿದ್ದು ಕೊಳೆಗಿಂತ ಕಡೆ ಮೇಡಂ. ನಾನು ಹಾಗಂದಿರಲಿಲ್ವಲ್ಲ."

"ಇಲ್ಲ, ನೀವು ಅಂದಿರಲಿಲ್ಲ. ನಾನು ಕೇಳಬೇಕಿತ್ತು," ಎಂದಳು ವತ್ಸಲಾ. "ಇದು ಅಪ್ಪ ಕೊಟ್ಟಿದ್ದು. ಪ್ರದರ್ಶನದಲ್ಲಿ ಇಟ್ಟು, ಆಮೇಲೆ ವಾಪಸ್ ಕೊಡಿ."

ಅವಳು ಕೊಟ್ಟದ್ದು ಹಾಲೆಂಡಿನ ನೋಟು. "ಅದನ್ನ ಕಳಿಸು. ಅದಕ್ಕೆ ನನ್ನ ಬೆರಳು ಬೇಕಿಲ್ಲ," ಎಂದಿದ್ದರು ಜಯಸಿಂಹ. ಪ್ರದರ್ಶನಕ್ಕೆ ಅವರು ಹೋಗಲಿಲ್ಲ. ಇಸ್ತ್ರಿ ಮಾಡಿದ ಅಂಗಿಯನ್ನು ಮನೆಯಲ್ಲೇ ಹಾಕಿಕೊಂಡರು. ಅದರ ಜೇಬಿನಲ್ಲಿ, ಅವರು ಹೇಳಿದಂತೆ ವತ್ಸಲಾ ಓದಿ ತೆಗೆದುಕೊಟ್ಟ ಹಂಗೇರಿಯ ನೋಟಿತ್ತು, ನಾಲ್ಕು ಮಡಿಕೆಯಾಗಿ.

ಹೀಗೆ ಒಂದೊಂದನ್ನೇ ಅವರು ಜೇಬಿಗಿಳಿಸತೊಡಗಿದರು. ಬೆವರಿಗೆ ಗಂಜಿ ಬಿಟ್ಟು, ಮಡಿಕೆ ಬಲಿತು, ಬೆರಳು ಒಪ್ಪುವವರೆಗೆ ಅದು ಅಲ್ಲೇ. ಆಮೇಲೆ ಪೆಟ್ಟಿಗೆಗೆ. ಒಂದು ನೋಟಿಗೆ ತಿಂಗಳಾದರೂ ಬೇಕಿತ್ತು. ಅವರ ಆರೋಗ್ಯ ಕಂಡವರಿಗೆ, ಪೆಟ್ಟಿಗೆ ಮುಗಿಯುವಷ್ಟು ತಿಂಗಳುಗಳಿಲ್ಲವೆಂದು ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಪ್ರತಿ ನೋಟನ್ನು ಮಡಿಸುವ ಮುಂಚೆ ಅದನ್ನು ಕೊಟ್ಟವನ ಸಂಗತಿ ಹೇಳುವರು. ವತ್ಸಲಾ ಈಗ ಬಾಗಿಲಿನಿಂದ ಒಳಗೆ ಹೋಗುತ್ತಿರಲಿಲ್ಲ. ಕೂತು ಕೇಳುತ್ತಿದ್ದಳು, ಮಧ್ಯೆ ಬಾಯಿ ಹಾಕಿ ಪ್ರಶ್ನೆಯನ್ನೂ ಕೇಳುತ್ತಿದ್ದಳು. ಕೆಲವು ಹೆಸರು ಅವರಿಗೂ ಬರುತ್ತಿರಲಿಲ್ಲ. ಆ ನೆನಪು ಮಡಿಕೆಯಲ್ಲೇ ಇದ್ದದ್ದು, ಮಡಿಕೆಯ ಜೊತೆ ಹೋಗಿತ್ತು.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಹನುಮಂತರಾಯಪ್ಪ ಮೆಟ್ಟಿಲ ಮೇಲೆ ಕೂತು, "ಯಾವ ದೇಸ ಸಾರ್?" ಎಂದರು. ಕೊಟ್ಟ ನೋಟನ್ನು ಜಯಸಿಂಹ ಸವರಿ, "ಹಂಗೇರಿ," ಎಂದರು. ಇನ್ನೊಂದಕ್ಕೆ ತಡವರಿಸಿ, "ಟಾಂಜಾನಿಯಾ. ಗೋಪಾಲಪ್ಪನ ಗ್ರೀಸ್ ಹೋಯ್ತು. ಈಗ ನನ್ನ ಬೆವರು."

"ಆ ಎಲ್ಡು ಇನ್ನೂ ಅಂಗೇ ಅವಲ್ಲ ಸಾರ್," ಎಂದರು ಹನುಮಂತರಾಯಪ್ಪ, ಮೂಲೆಯ ಖಾನೆಯನ್ನು ನೋಡಿ. "ಒಂದನ್ನ ಸುತ್ತಿ ಇಟ್ಬುಟ್ರೆ ಆಯ್ತಪ್ಪ. ಅದೇ ಅವನ್ದು ಅಂದ್ಕೊಂಡ್ರಾಯ್ತು."

ವತ್ಸಲಾ ಅಪ್ಪನ ಮುಖ ನೋಡಿದಳು. ಇಡೀ ಕೆಲಸದ ಜೀವನವನ್ನು ಅಳತೆ ನೋಡುವುದರಲ್ಲೇ ಕಳೆದ ಮನುಷ್ಯ.

"ಅಂದಾಜಿಗೆ ಬೇಡ," ಎಂದರು ಜಯಸಿಂಹ. ಖಾನೆಯಲ್ಲಿ ಎರಡೂ ಒಂದರ ಮೇಲೊಂದು ನೆಟ್ಟಗೆ ಮಲಗಿವೆಯೇ ಎಂದು ಮುಟ್ಟಿ ನೋಡಿ ಮುಚ್ಚಳ ಹಾಕಿದರು. ಆಮೇಲೆ ಕೈ ಚಾಚಿ ಮಗಳ ಕೈಯನ್ನು ಹುಡುಕಿ, ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಆ ಮುಷ್ಟಿಯನ್ನು ತಮ್ಮ ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು.