ಡೆಲ್ಬರ್ಟನ ದೋಣಿಯಲ್ಲಿ ವೈನೊ

"ತೂಗಾಡಿಸಬೇಡ್ರೋ, ಅವನಿಗೆ ವಾಂತಿ ಬಂದುಬಿಡುತ್ತೆ," ಅಂದ ಹಾರ್ಲನ್. ಚರ್ಚಿನ ಕಡಿದಾದ ಮೆಟ್ಟಿಲುಗಳ ಮೇಲೆ ಶವಪೆಟ್ಟಿಗೆ ಒಂದು ಕಡೆ ವಾಲಿತ್ತು.

ಹೊತ್ತಿದ್ದ ಆರು ಜನರಲ್ಲಿ ಇಬ್ಬರು ಕಿಸಕ್ಕನೆ ನಕ್ಕು ತಲೆ ತಗ್ಗಿಸಿದರು. ಮುಂದಿನ ಹಿಡಿ ಹಿಡಿದಿದ್ದ ಡೆಲ್ಬರ್ಟ್ ನಗಲಿಲ್ಲ. ಪಾದ್ರಿ ಬಾಗಿಲಲ್ಲಿ ಕಾಯುತ್ತಿದ್ದರು. ಕೆಳಗೆ ಕೊಲಂಬಿಯಾ ನದಿ ಅಗಲವಾಗಿ ಹರಡಿಕೊಂಡಿತ್ತು. ಸಾಲ್ಮನ್ ಮೀನು ಹಿಡಿಯುವ ದಿನಗಳಾದ್ದರಿಂದ ಬೆಳಿಗ್ಗೆಯೇ ಅಳಿವೆ ದಾಟಿ ಕಡಲಿಗೆ ಹೋಗಿದ್ದ ದೋಣಿಗಳು ಒಂದೊಂದಾಗಿ ಅಸ್ಟೋರಿಯಾಕ್ಕೆ ಮರಳುತ್ತಿದ್ದವು.

ಪೆಟ್ಟಿಗೆಯೊಳಗಿದ್ದ ವೈನೊ ನಿಸ್ಕಲ ಮೂವತ್ತಾರು ವರ್ಷ ಈ ಗುಡ್ಡದ ಬೀದಿಗಳನ್ನು ಹತ್ತಿ ಇಳಿದು ಅಂಚೆ ಹಂಚಿದವನು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮಗಳು ಕಾಗದ ಬರೆಯುವುದನ್ನು ನಿಲ್ಲಿಸಿದ್ದಾಳೆ ಅನ್ನುವುದೆಲ್ಲ ಅವನಿಗೆ ಗೊತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ. ಪಾದ್ರಿಯ ಮಾತು ಹತ್ತು ನಿಮಿಷಕ್ಕೇ ಮುಗಿಯಿತು. ವೈನೊಗೆ ಕಡಲೆಂದರೆ ಪ್ರಾಣವಾಗಿತ್ತು ಎಂದು ಅವರು ಹೇಳಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ ಲೆಂಪಿ ತಲೆಯೆತ್ತಿ ನೋಡಿ, ಮತ್ತೆ ತನ್ನ ಕೈಗಳನ್ನೇ ನೋಡಿಕೊಂಡಳು.

*

ಹೋದ ಆಗಸ್ಟ್‌ನಲ್ಲಿ ವೈನೊ, ಡೆಲ್ಬರ್ಟ್, ಹಾರ್ಲನ್ ಮೂವರೂ ಕೊನೆಯ ಸಲ ಜೊತೆಯಾಗಿ ಮೀನು ಹಿಡಿಯಲು ಹೋಗಿದ್ದರು. ಬೆಳಕು ಹರಿಯುವಾಗ ಡೆಲ್ಬರ್ಟ್ ದೋಣಿಯನ್ನು ಅಳಿವೆ ದಾಟಿಸಿದ. ಪಡುವಣದಿಂದ ಉದ್ದುದ್ದ ಅಲೆಗಳು ಬಂದು ದೋಣಿಯನ್ನು ಎತ್ತಿ ಇಳಿಸುತ್ತಿದ್ದವು. ವೈನೊ ಮೊಣಕಾಲುಗಳ ನಡುವೆ ಬಕೆಟ್ ಇಟ್ಟುಕೊಂಡು, ಬೂದಿ ಬಣ್ಣದ ಮುಖ ಹೊತ್ತು ಕೂತಿದ್ದ. ಪ್ರತಿ ಸಲವೂ ಹಾಗೆಯೇ. ಮಾಂಸದಂಗಡಿ ನಡೆಸಿ ನಿವೃತ್ತನಾದ ಹಾರ್ಲನ್ ಅವನ ಗಾಳಕ್ಕೂ ತಾನೇ ಎರೆ ಕಟ್ಟಿಕೊಟ್ಟ.

ಎಂಟು ಗಂಟೆಯ ಹೊತ್ತಿಗೆ ವೈನೊನ ಗಾಳದ ಕೋಲು ನೀರಿನ ಕಡೆಗೆ ಬಾಗಿತು. ದಾರ ಸರ್ರನೆ ಓಡಿತು. ಹತ್ತು ನಿಮಿಷ ಎಳೆದಾಡಿದ ಮೇಲೆ ತೋಳುದ್ದದ ಮೀನು ದೋಣಿಯ ಪಕ್ಕಕ್ಕೆ ಬಂದು ಮಗ್ಗುಲಾಯಿತು. ಹಾರ್ಲನ್ ಬಲೆ ಹಿಡಿದು ಬಗ್ಗಿದವನು ಹಾಗೇ ನಿಂತ. ಬೆನ್ನಿನ ಕೊನೆಯ ಪುಟ್ಟ ರೆಕ್ಕೆ ಇಡಿಯಾಗಿತ್ತು. ಸಾಕಿ ಬಿಟ್ಟ ಮೀನಾದರೆ ಆ ರೆಕ್ಕೆ ಕತ್ತರಿಸಿರುತ್ತಾರೆ. ಇದು ನದಿಯಲ್ಲೇ ಹುಟ್ಟಿದ್ದು, ಬಿಡಲೇಬೇಕು. ವೈನೊ ಇಕ್ಕಳದಿಂದ ಕೊಕ್ಕೆ ಬಿಡಿಸಿದ. ಮೀನು ಒಂದು ಕ್ಷಣ ನಿಂತಲ್ಲೇ ನಿಂತು, ಬಾಲ ಬಡಿದು ಕೆಳಗಿಳಿಯಿತು. ಅವನು ಅದು ಕಾಣುವಷ್ಟು ಹೊತ್ತೂ ನೋಡಿ, ಆಮೇಲೆ ಬಕೆಟ್‌ಗೆ ಬಗ್ಗಿದ.

"ಇಷ್ಟು ವರ್ಷ ಬಂದು ಏನು ಸುಖ ಕಂಡೆಯೋ ಮಾರಾಯ?" ಅಂತ ಡೆಲ್ಬರ್ಟ್ ಕೇಳಿದ್ದ.

ವೈನೊ ಬಾಯಿ ಒರೆಸಿಕೊಂಡ. "ಮನೇಲಿದ್ರೆ ಲೆಂಪಿ ಪರದೆ ಒಗೆಯೋಕೆ ಹಚ್ತಾಳೆ ಕಣೋ."

ಮೂವರೂ ನಕ್ಕಿದ್ದರು. ಡೆಲ್ಬರ್ಟ್ ಅದನ್ನು ನಂಬಿಯೂ ಇದ್ದ.

*

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಏಲಕ್ಕಿ ಹಾಕಿದ ಬ್ರೆಡ್ಡು, ಡೆಲ್ಬರ್ಟ್ ತಾನೇ ಹೊಗೆಯಲ್ಲಿ ಬೇಯಿಸಿ ತಂದ ಸಾಲ್ಮನ್. ಹಾರ್ಲನ್ ಎಲ್ಲರ ಲೋಟಕ್ಕೂ ಕಾಫಿ ಬಗ್ಗಿಸುತ್ತಾ ಓಡಾಡುತ್ತಿದ್ದ. ಡೆಲ್ಬರ್ಟ್ ಲೆಂಪಿಯ ಎದುರು ಕೂತು, ಪಾದ್ರಿ ಚೆನ್ನಾಗಿ ಮಾತಾಡಿದರು ಅಂದ.

"ಸುಳ್ಳು ಹೇಳಿದ್ರು, ಪಾಪ," ಅಂದಳು ಲೆಂಪಿ. "ಅವನಿಗೆ ಕಡಲು ಕಂಡ್ರೆ ಆಗ್ತಿರಲಿಲ್ಲ. ನೀವು ಹೊರಡೋ ಹಿಂದಿನ ದಿನ ಅವನಿಗೆ ಊಟ ಇಳೀತಿರಲಿಲ್ಲ."

"ಮತ್ತೆ ಯಾಕೆ ಬರ್ತಿದ್ದ?"

ಲೆಂಪಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅವನಿರುವವರೆಗೆ ಹೇಳಬಾರದು ಅಂದಿದ್ದ, ಈಗ ಇಲ್ಲವಲ್ಲ ಅಂದು ಶುರುಮಾಡಿದಳು. ಡೆಲ್ಬರ್ಟನ ಮಗ ಕಾರ್ಲ್ ಮರದ ದಿಮ್ಮಿಗಳ ಲಾರಿ ಮಗುಚಿ ಸತ್ತ ವರ್ಷದ ಮಾತು. ಅಕ್ಟೋಬರ್ ತಿಂಗಳು. ವೈನೊ ಕಾಗದ ಕೊಡಲು ಡೆಲ್ಬರ್ಟನ ಮನೆಗೆ ಹೋದಾಗ ದೋಣಿ ಹೊರುವ ಗಾಡಿ ಅಂಗಳದಲ್ಲಿರಲಿಲ್ಲ. ಮೀನು ಹಿಡಿಯಲು ಹೋಗಿದ್ದಾನೆ ಅಂದುಕೊಂಡ. ಅಷ್ಟರಲ್ಲಿ ಜಗಲಿಯ ಗೋಡೆಗೆ ಒರಗಿಸಿದ್ದ ಗಾಳದ ಕೋಲುಗಳು ಕಣ್ಣಿಗೆ ಬಿದ್ದವು. ಎಲ್ಲವೂ ಅಲ್ಲೇ ಇದ್ದವು. ಅವುಗಳ ಪಕ್ಕದಲ್ಲಿ ಲೈಫ್ ಜಾಕೆಟ್ ಮಡಿಸಿಟ್ಟಿತ್ತು.

ಆ ಸಂಜೆ ಡೆಲ್ಬರ್ಟನಿಗೆ ನೆನಪಿತ್ತು. ದೋಣಿ ಕಟ್ಟೆಗೆ ತಾಗಿದಾಗ ವೈನೊ ಅಂಚೆಚೀಲ ಹೆಗಲಲ್ಲೇ ಇಟ್ಟುಕೊಂಡು, ಮಳೆಯಲ್ಲಿ ತೊಪ್ಪೆಯಾಗಿ ನಿಂತಿದ್ದ. ಆಗ ಅವರದು ಬರಿಯ ಬಾಗಿಲ ಮುಂದಿನ ಪರಿಚಯ. ಏನೂ ಕೇಳದೆ ಹಗ್ಗ ಹಿಡಿದುಕೊಂಡು, ಮುಂದಿನ ಸಲ ಹೋಗುವಾಗ ನನ್ನನ್ನೂ ಕರ್ಕೊಂಡು ಹೋಗಿ ಅಂದಿದ್ದ. ಅಂಚೆಯವನಿಗೆ ಇದೇನು ಹುಚ್ಚು ಅನಿಸಿತ್ತು ಡೆಲ್ಬರ್ಟನಿಗೆ. ಆಮೇಲೆ ಡೆಲ್ಬರ್ಟ್ ಮೂರು ಸಲ ಒಬ್ಬನೇ ಹೊರಟಾಗಲೂ ವೈನೊ ಕಟ್ಟೆಯ ಮೇಲೆ ಬಕೆಟ್ ಹಿಡಿದು ಹಾಜರಾಗಿದ್ದ. ಆಮೇಲಾಮೇಲೆ ಡೆಲ್ಬರ್ಟನೇ ಫೋನ್ ಮಾಡಿ ಕರೆಯತೊಡಗಿದ್ದ.

"ಆವತ್ತು ನಡುನೀರಲ್ಲಿ ಎಂಜಿನ್ ಆರಿಸಿ ಕೂತಿದ್ದೆ," ಅಂದ ಕೊನೆಗೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರೆದುರೂ ಆಡಿರದ ಮಾತು.

"ಮತ್ತೆ ಯಾಕೆ ವಾಪಸ್ ಬಂದೆ?"

"ಚಳಿಯಾಯ್ತು."

ಲೆಂಪಿ ಕೈ ಚಾಚಿ ಅವನ ಕೋಟಿನ ತೋಳನ್ನು ಮುಟ್ಟಿದಳು. "ಅವನಿಗೆ ಅಷ್ಟೇ ಸಾಕಿತ್ತು ನೋಡು, ನೀನು ಬಂದಿದ್ದು. ಯಾಕಂತ ಒಂದು ದಿನಾನೂ ಕೇಳಲಿಲ್ಲ."

ಹಾರ್ಲನ್ ಕಾಫಿಯ ಪಾತ್ರೆ ಹಿಡಿದು ಅವರ ಮೇಜಿನ ಹತ್ತಿರವೇ ನಿಂತಿದ್ದ. ಡೆಲ್ಬರ್ಟನ ಲೋಟ ತುಂಬಿಸದೆ, ಯಾರೋ ಕರೆದರು ಅನ್ನುವಂತೆ ಆಚೆ ಹೋದ.

*

ಜನ ಕರಗುತ್ತಿದ್ದಂತೆ ಡೆಲ್ಬರ್ಟ್ ಹಿಂಬಾಗಿಲಿನಿಂದ ಹೊರಬಿದ್ದು ಗುಡ್ಡ ಇಳಿದ. ಸಂಜೆಯ ಬಿಸಿಲು ನದಿಯ ಮೇಲೆ ಓರೆಯಾಗಿ ಬಿದ್ದಿತ್ತು. ಕಟ್ಟೆಯ ಮೇಲೆ ಜನ ಮೀನು ಸೀಳಿ ತೊಳೆಯುತ್ತಿದ್ದರು. ಕೆಳಗೆ ಕಡಲಸಿಂಹಗಳು ಕರುಳಿಗಾಗಿ ಬೊಗಳುತ್ತಿದ್ದವು. ತನ್ನ ದೋಣಿಗಿಳಿದು ಚುಕ್ಕಾಣಿಯ ಮುಂದೆ ಕೂತ. ಕಾರಣವಿಲ್ಲದೆ ಎಂಜಿನ್ನಿನ ಕೀಲಿ ತಿರುಗಿಸಿದ. ಅದು ಕೆಮ್ಮಿ ಶುರುವಾಯಿತು. ಎಲ್ಲಿಗೂ ಹೋಗುವ ಯೋಚನೆ ಇರಲಿಲ್ಲ. ಆ ಸದ್ದು ಕೇಳಬೇಕಿತ್ತು, ಅಷ್ಟೆ.

ತುಸು ಹೊತ್ತಾದ ಮೇಲೆ ತಿರುಗಿ ನೋಡಿದ. ಇಪ್ಪತ್ತು ಮಾರು ದೂರದಲ್ಲಿ, ಕರಿಯ ಕೋಟು, ಹೊಳೆಯುವ ಬೂಟು ಹಾಕಿದ್ದ ಹಾರ್ಲನ್ ಉಬ್ಬರವಿಳಿತದ ವೇಳೆ ಬರೆದ ಹಲಗೆಯ ಮುಂದೆ ನಿಂತು ಅದನ್ನು ಓದುತ್ತಿದ್ದ. ಅವನ ಓದುವ ಕನ್ನಡಕ ಹಣೆಯ ಮೇಲೇ ಇತ್ತು.