ದೇರಪ್ಪ ಕಟ್ಟಿದ ಸೀಸ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ವರ್ಷಗಳವು. ಪೊನ್ನಂಪೇಟೆಯ ಟೆಂಟ್ ಸಿನಿಮಾದಲ್ಲಿ ಮೆಷಿನ್ ನಡೆಸುತ್ತಿದ್ದ ದೇರಪ್ಪ ಜ್ವರದಲ್ಲಿ ತೀರಿಕೊಂಡ. ಅವನ ಜಾಗಕ್ಕೆ ನಾಣಯ್ಯ ಬಂದ. ಮಾಲೀಕ ಚನ್ನಮಲ್ಲಪ್ಪ ಶನಿವಾರಸಂತೆ ಕಡೆಯ ವ್ಯಾಪಾರಿ. ಕಾಫಿ ಕೊಯ್ಲು ಶುರುವಾದೊಡನೆ ಟೆಂಟ್ ಹಾಕುತ್ತಿದ್ದರು. ಎಸ್ಟೇಟಿನ ಕೂಲಿ ಲೈನುಗಳಿಂದ ಜನ ಮಕ್ಕಳು ಮರಿ ಸಮೇತ ಬರುತ್ತಿದ್ದರು.

ಮೊದಲ ವಾರವೇ ತೊಂದರೆ ಕಾಣಿಸಿಕೊಂಡಿತು. ಚಿತ್ರ ಓಡುತ್ತಿದ್ದಂತೆ ಪರದೆ ಇದ್ದಕ್ಕಿದ್ದಂತೆ ಕಪ್ಪಾಗುತ್ತಿತ್ತು. ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಅಷ್ಟು ದೊಡ್ಡ ಕತ್ತಲೆಯಲ್ಲಿ ಹೆಂಗಸೊಬ್ಬಳು ಅಳುವ ಧ್ವನಿಯೊಂದೇ ಕೇಳಿದಾಗ ಜನ ಸಿಳ್ಳೆ ಹಾಕುವುದನ್ನೂ ಮರೆತು ಕೂರುತ್ತಿದ್ದರು. ಸ್ವಲ್ಪ ಹೊತ್ತಿಗೆ ಚಿತ್ರ ತಾನಾಗಿ ಮರಳುತ್ತಿತ್ತು. ದೇರಪ್ಪನಿದ್ದಾಗಲೂ ಹೀಗೇ ಆಗುತ್ತಿತ್ತು, ಅವನಿನ್ನೂ ಮೆಷಿನ್ ಬಿಟ್ಟು ಹೋಗಿಲ್ಲ ಎಂಬ ಮಾತು ಲೈನುಗಳಲ್ಲೆಲ್ಲ ಹಬ್ಬಿತು.

ನಾಣಯ್ಯ ಅದನ್ನು ನಂಬಲಿಲ್ಲ. ದೀಪದ ಕಾರ್ಬನ್ ಕಡ್ಡಿ ಬದಲಾಯಿಸಿದ. ಜನರೇಟರಿನಿಂದ ಬರುವ ವೈರನ್ನು ಉದ್ದಕ್ಕೂ ತಡವಿ ನೋಡಿದ. ಬೆಲ್ಟ್ ಬಿಗಿ ಮಾಡಿದ. ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಒಂದು ಸಂಜೆ ಪರದೆ ಕಪ್ಪಾದಾಗ ಅವನು ದೀಪದ ಗೂಡಿನೊಳಗೆ ಇಣುಕಿದ. ದೀಪ ಬೆಳ್ಳಗೆ ಉರಿಯುತ್ತಲೇ ಇತ್ತು. ಅದಕ್ಕೂ ಫಿಲ್ಮಿಗೂ ನಡುವೆ ತಗಡೊಂದು ಇಳಿದಿತ್ತು. ಓಟ ನಿಧಾನವಾದರೆ ಫಿಲ್ಮಿಗೆ ಬೆಂಕಿ ಹತ್ತದಿರಲೆಂದು ತಾನಾಗಿ ಬೀಳುವ ತಗಡು ಅದು. ಆದರೆ ಮೆಷಿನ್ ಸರಿಯಾಗಿಯೇ ಓಡುತ್ತಿತ್ತು.

ಬೆಳಿಗ್ಗೆ ಬಿಚ್ಚಿ ನೋಡಿದರೆ, ತಗಡಿನ ತುದಿಗೆ ಸೀಸದ ಚೂರೊಂದನ್ನು ತಂತಿ ಸುತ್ತಿ ಕಟ್ಟಲಾಗಿತ್ತು. ಆ ಭಾರಕ್ಕೆ ಮೆಷಿನ್ ಕೊಂಚ ತಡವರಿಸಿದರೂ ತಗಡು ಬೀಳುತ್ತಿತ್ತು.

ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು ದೇರಪ್ಪನ ಹೆಂಡತಿ ಬೊಳ್ಳಮ್ಮನ ಮನೆಗೆ ಹೋದ. ಅವಳು ಸೀಸವನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಆಮೇಲೆ ಹೇಳಿದಳು. ಹಿಂದೆ ಕುಟ್ಟ ಊರಿನ ಆಚೆ ಬೇರೊಂದು ಟೆಂಟಿನಲ್ಲಿ ದೇರಪ್ಪ ಕೆಲಸಕ್ಕಿದ್ದಾಗ ಫಿಲ್ಮ್ ಹೊತ್ತಿಕೊಂಡು ಬೆಂಕಿ ಟೆಂಟಿನ ಬಟ್ಟೆಗೆ ಹತ್ತಿತು. ಗಂಡಸರು ಬಾಗಿಲಿಂದ ಓಡಿದರು. ಹೆಂಗಸರು ಕೂರುವ ಕಡೆ ಬಾಗಿಲಿರಲಿಲ್ಲ. ಲಿಂಗಿ ಎಂಬ ಕೊಯ್ಲಿನ ಹುಡುಗಿ ಅಲ್ಲೇ ಉಳಿದಳು.

"ನಿದ್ದೆಲೂ ಅವ್ರಿಗೆ ಹೊಗೆ ವಾಸನೆ ಬರ್ತಿತ್ತ್, ತಮ್ಮ," ಎಂದಳು ಬೊಳ್ಳಮ್ಮ. "ಕತ್ತಲೆ ಆದ್ರೆ ಜನ ಬೈಲಿ, ಸಾಯುದು ಬೇಡ ಅಂತ ಹೇಳ್ತಿದ್ದೊ."

ಆ ಸಂಜೆ ಸೀಸವಿಲ್ಲದ ಮೆಷಿನ್ ಒಮ್ಮೆಯೂ ನಿಲ್ಲದೆ ಚಿತ್ರ ತೋರಿಸಿತು. ಚನ್ನಮಲ್ಲಪ್ಪ ಸಂತೋಷದಿಂದ ಕಾಫಿ ಕಳಿಸಿದರು. ನಾಣಯ್ಯ ಅದನ್ನು ಕುಡಿಯಲಿಲ್ಲ. ಮೆಷಿನ್ ಪಕ್ಕದ ಕಿಂಡಿಯಿಂದ ಅವನಿಗೆ ಹೆಂಗಸರ ಕಡೆ ಮಾತ್ರ ಕಾಣುತ್ತಿತ್ತು: ನೆಲದವರೆಗೆ ಗೂಟ ಹೊಡೆದು ಬಿಗಿದ ಬಟ್ಟೆ, ಅದಕ್ಕೊರಗಿ ಕೂತ ತಾಯಂದಿರು, ಮಡಿಲಲ್ಲಿ ನಿದ್ದೆಹೋದ ಮಕ್ಕಳು. ಏನೋ ಸುಟ್ಟ ವಾಸನೆ ಬಂದಂತಾಯಿತು. ಮರುದಿನ ಮತ್ತೆ ಬಂತು. ಅವನ ಕೈ ತಗಡನ್ನು ಇಳಿಸಿಬಿಟ್ಟಿತು. ಪರದೆ ಕಪ್ಪಾಯಿತು. ಹೊಗೆ ಎಲ್ಲೂ ಇರಲಿಲ್ಲ. ಕತ್ತಲೆಯಲ್ಲಿ ಯಾರೋ ದೇರಪ್ಪನ ಹೆಸರು ಹೇಳಿದ್ದು ಅವನಿಗೂ ಕೇಳಿಸಿತು.

ಹೀಗೆ ನಾಲ್ಕಾರು ಸಲ ಆದ ಮೇಲೆ ಚನ್ನಮಲ್ಲಪ್ಪ ಸಿಟ್ಟಿನಿಂದ ಮೆಷಿನ್ ಗೂಡಿಗೆ ಹತ್ತಿ ಬಂದರು. ಚಿತ್ರ ಆಗಲೇ ಮರಳಿತ್ತು, ಆದರೂ ನಾಣಯ್ಯನ ಕೈ ತಗಡಿನ ಮೇಲೇ ಇತ್ತು.

"ನೀನೇ ಇಳಿಸ್ತಾ ಇದೀಯೇನಯ್ಯಾ?"

ನಾಣಯ್ಯ ಎಲ್ಲವನ್ನೂ ಹೇಳಿದ. ಕೈ ಮಾತ್ರ ತೆಗೆಯಲಿಲ್ಲ.

"ಈಗ ಹೊಗೆ ಕಂಡ್ಯಾ?"

"ಇಲ್ಲ ಸಾವ್ಕಾರ್ರೆ. ಆದ್ರೆ ಹೆಂಗಸ್ರ ಕಡೆ ಬಾಗ್ಲಿಲ್ಲ."

ಚನ್ನಮಲ್ಲಪ್ಪ ಕಿಂಡಿಗೆ ಕಣ್ಣಿಟ್ಟರು. ಅಲ್ಲಿ ಅವರ ಹೆಂಡತಿ ಸುಲೋಚನಮ್ಮನೂ ಕೂತಿದ್ದರು, ಶಾಲು ಹೊದ್ದು, ಪರದೆಯ ಬೆಳಕಿನಲ್ಲಿ ಮುಖ ಬಿಳಿಚಿ. ನೋಡುತ್ತ ನಿಂತವರು ಹಾಗೇ ಇಳಿದು ಹೋದರು. ಬೆಳಿಗ್ಗೆ ಆ ಕಡೆಯ ಬಟ್ಟೆಯನ್ನು ಆಳೆತ್ತರಕ್ಕೆ ಕೊಯ್ಯಿಸಿ ದಾರಿ ಬಿಡಿಸಿದರು. ಗಾಳಿ ಒಳಗೆ ಬರತೊಡಗಿತು. ಹೆಂಗಸರು ಗೊಣಗಿ, ಕಂಬಳಿ ತಂದುಕೊಂಡರು.

ಪರದೆ ಕಪ್ಪಾಗುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಮಳೆಗಾಲಕ್ಕೆ ಟೆಂಟ್ ಇಳಿಸಿದ ಮೇಲೆ ನಾಣಯ್ಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆದ, ಮದುವೆಯಾದ. ಒಲೆಯ ಮೇಲೆ ಹಾಲು ಉಕ್ಕಿ ಸೀದ ವಾಸನೆ ಬಂದರೆ ಊಟಕ್ಕೆ ಕೂತವನ ಎಡಗೈ ಮೇಲೇಳುತ್ತಿತ್ತು, ಗಾಳಿಯಲ್ಲಿ ಏನನ್ನೋ ಕೆಳಗೆಳೆಯುತ್ತಿತ್ತು. ಹೆಂಡತಿ ಯಮುನ ಮೊದಮೊದಲು ಏನದು ಎಂದು ಕೇಳಿದಳು. ಆಮೇಲೆ ಹಾಲು ಕಾಯಿಸುವಾಗ ಒಲೆಯ ಮುಂದಿಂದ ಏಳುವುದನ್ನೇ ಬಿಟ್ಟಳು.